ಇತರೆ ಖಾನೆಯ ಹಾಡು

ನಮ್ಮ ಕ್ಯಾಸೆಟ್ ಅಂಗಡಿ ಇದ್ದ ಜಾಗದಲ್ಲಿ ಈಗ ಕನ್ನಡಕದ ಅಂಗಡಿ ಬಂದಿದೆ. ಹೋದ ವಾರ ಓದುವ ಕನ್ನಡಕ ಮಾಡಿಸಲು ಹೋದಾಗ, ಅಲ್ಲಿನ ಹುಡುಗಿ ನನ್ನನ್ನು ಕೂರಿಸಿದ್ದು ಸರಿಯಾಗಿ ಮಾವನವರ ಗಲ್ಲಾ ಇದ್ದ ಮೂಲೆಯಲ್ಲಿ. ಎದುರು ಗೋಡೆಯ ಅಕ್ಷರ ಓದಿ ಎಂದಳು. ನನಗೆ ಅಲ್ಲಿ ಅಕ್ಷರ ಕಾಣಲಿಲ್ಲ, ಮರದ ಖಾನೆಗಳು ಕಂಡವು. "ಕಣ್ಣಲ್ಲಿ ನೀರು ಸುರೀತಿದೆಯಲ್ಲ ಆಂಟಿ, ಡಾಕ್ಟರಿಗೆ ತೋರಿಸಿ" ಎಂದು ಅವಳು ಕಾಳಜಿಯಿಂದಲೇ ಹೇಳಿದಳು.

ನಮ್ಮದು ಒಂದರ ಹಿಂದೆ ಒಂದು ಮೂರು ಕೋಣೆ, ಮಲಗಲು ಮೇಲೊಂದು ತಗ್ಗು ಮಹಡಿ. ರಸ್ತೆಯ ಕಡೆಯ ಕೋಣೆ ಅಂಗಡಿ. ನಡುವಿನದು ನನ್ನ ಗಂಡನ ರೆಕಾರ್ಡಿಂಗ್ ಕೋಣೆ, ಅಂಗಡಿಯ ಕಡೆಗೆ ಅದಕ್ಕೊಂದು ಗಾಜಿನ ಕಿಟಕಿ. ಅದರ ಗೋಡೆ ತುಂಬ ಮೊಟ್ಟೆಯ ಟ್ರೇಗಳು, ಟ್ರೇಗಳ ಮೇಲೆ ನನ್ನ ಮದುವೆಗೆ ತವರಿನವರು ಕೊಟ್ಟ ಕಂಬಳಿಗಳು. ಹಿಂದಿನದು ಅಡುಗೆಮನೆ. ನಡುವಿನ ಬಾಗಿಲ ಮೇಲೆ ಕೆಂಪು ಬಲ್ಬು ಹತ್ತಿತೆಂದರೆ ಮನೆಯಲ್ಲಿ ಯಾರೂ ಸೀನುವಂತಿಲ್ಲ, ನಲ್ಲಿ ತಿರುಗಿಸುವಂತಿಲ್ಲ, ಕುಕ್ಕರ್ ಕೂಗುವಂತಿಲ್ಲ. ಯಾರದೋ ಹಾಡು ಮುಗಿಯಲೆಂದು ನನ್ನ ಬೇಳೆ ಅರ್ಧ ಬೆಂದು ಕಾಯುತ್ತಿತ್ತು. ಆಗ ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದೆ. ಈಗಿನ ಮನೆಯಲ್ಲಿ ಬೇಕಾದಷ್ಟು ಸದ್ದು ಮಾಡಬಹುದು, ಮಾಡುವವರಿಲ್ಲ.

ಅಂಗಡಿಯಲ್ಲಿ ನಾಲ್ಕು ಖಾನೆಗಳಿದ್ದವು: ಸಿನಿಮಾ, ಮಕ್ಕಳದು, ಕ್ರೈಸ್ತ ಗೀತೆ, ಇತರೆ. ಮೊದಲ ಮೂರರಲ್ಲಿ ವ್ಯಾಪಾರ ನಡೆಯುತ್ತಿತ್ತು. ನಾಲ್ಕನೆಯದರಲ್ಲಿ ಹಕ್ಕಿಗಳ ಕೂಗು, ಬೆನ್ನುನೋವಿನ ವ್ಯಾಯಾಮ, ಯಾರೋ ಒಬ್ಬ ಬಾಯಲ್ಲೇ ರೈಲು ಓಡಿಸಿದ ಕ್ಯಾಸೆಟ್ಟು, ಇಂಥವು ದೂಳು ತಿನ್ನುತ್ತಾ ಕೂತಿದ್ದವು. ಕ್ರೈಸ್ತ ಗೀತೆಗಳ ಖಾನೆ ಮಾವನವರ ಸ್ವಂತ ರಾಜ್ಯ. ಅವರು ನಮ್ಮ ಚರ್ಚಿನ ಸಭೆಯಲ್ಲಿ ಹಾಡು ಎತ್ತಿಕೊಡುವವರು. ಅವರು ಎತ್ತಿಕೊಟ್ಟ ಮೇಲೆಯೇ ಉಳಿದವರು ಬಾಯಿ ತೆರೆಯಬೇಕು. ಶೀತವಾದರೂ, ಜ್ವರ ಬಂದರೂ ಆ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟವರಲ್ಲ.

ಅವರ ಮಗಳು, ನನ್ನ ನಾದಿನಿ, ಆಸ್ಪತ್ರೆಯಲ್ಲಿ ನರ್ಸು. ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಳು. ವಾರ್ಡಿನಲ್ಲಿ ಹೊದಿಕೆ ಮಡಚುತ್ತಾ, ನಿದ್ದೆ ಬಾರದವರ ಪಕ್ಕ ಕೂರುತ್ತಾ ಅವಳು ಹಾಡು ಕಟ್ಟುತ್ತಿದ್ದಳು. ಮನೆಗೆ ಬಂದು ನನ್ನ ಜೊತೆ ಆಲೂಗಡ್ಡೆ ಸುಲಿಯುತ್ತಾ ಅದನ್ನು ಹಾಡುತ್ತಿದ್ದಳು. ಒಂದು ಹಾಡಂತೂ ನಮ್ಮ ಮನೆಯ ಪಾತ್ರೆಗಳಿಗೂ ಬಾಯಿಪಾಠವಾಗಿತ್ತು.

ಬಾಗಿಲು ತೆರೆದೆ, ನೀನು ನಿಂತಿದ್ದೆ,
ಕಾಲಲ್ಲಿ ದೂಳು, ಕೈಯಲ್ಲಿ ಏನಿಲ್ಲ.
ಒಳಗೆ ಬಾ ಎಂದೆ, ಒಳಗೆ ಬಾ ಎಂದೆ,
ಒಲೆ ಇನ್ನೂ ಆರಿಲ್ಲ.

ಒಂದು ಕ್ಯಾಸೆಟ್ಟಿಗಾಗುವಷ್ಟು ಹಾಡು ಸೇರಿದಾಗ ನನ್ನ ಗಂಡ ಅವನ್ನೆಲ್ಲ ರೆಕಾರ್ಡ್ ಮಾಡಿದರು. ಈ ಹಾಡಿಗೆ ಮಾತ್ರ, ಕೊನೆಯಲ್ಲಿ ಮತ್ತೆ ಬರುವ ಇದೇ ಚರಣವನ್ನು ಬಾಕಿ ಇಟ್ಟರು. ಅದನ್ನು ಅಪ್ಪನೇ ಹಾಡಬೇಕೆಂದು ನಾದಿನಿಯ ಆಸೆ.

ಜಗಳ ಶುರುವಾಗಿದ್ದು ಊರೂರಿನ ಅಂಗಡಿಗೆ ಕ್ಯಾಸೆಟ್ ಹಂಚುವ ಏಜೆಂಟನಿಂದ. ಒಳ್ಳೆಯ ಮನುಷ್ಯ, ಚಹಾ ಕೊಟ್ಟರೆ ಎರಡನೆಯ ಲೋಟವನ್ನೂ ತಾನೇ ಕೇಳಿ ಕುಡಿಯುವವನು. ಹಾಡು ಕೇಳಿ ತಲೆದೂಗಿದ. ಆಮೇಲೆ ಪೆನ್ನು ತೆಗೆದ.

"ಇದನ್ನ ಯಾವ ಖಾನೆಗೆ ಹಾಕ್ಲಿ? ಅಂಗಡಿಯೋರು ಮೊದಲು ಕೇಳೋದೇ ಅದು."

"ಕ್ರೈಸ್ತ ಗೀತೆ" ಎಂದರು ಮಾವ.

"ಇತರೆ" ಎಂದಳು ನಾದಿನಿ.

ಇಬ್ಬರೂ ಒಟ್ಟಿಗೇ ಹೇಳಿದ್ದರು. ಏಜೆಂಟ್ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡ. "ಮನೆಯೋರೆಲ್ಲ ಕೂತು ಮಾತಾಡ್ಕೊಳ್ಳಿ. ನಾನು ಇನ್ನೊಂದ್ಸಲ ಬರ್ತೀನಿ" ಎಂದು ಜಾಣನಂತೆ ಜಾಗ ಖಾಲಿ ಮಾಡಿದ.

ಆ ದಿನ ಊಟಕ್ಕೆ ಕೂತಾಗ ಮಾವ ತಟ್ಟೆ ಮುಟ್ಟಲಿಲ್ಲ.

"ದೇವರ ಹಾಡು ನಿನಗೆ 'ಇತರೆ' ಆಗೋಯ್ತಾ? ಬಾಯಲ್ಲಿ ರೈಲು ಬಿಡೋನ ಪಕ್ಕ ಇಡ್ತೀಯಾ?"

"ಆ ರೈಲು ಚೆನ್ನಾಗಿದೆ ಅಪ್ಪ."

"ತಮಾಷೆ ಬೇಡ. ಹೆಸರು ಹೇಳೋಕೆ ನಾಚಿಕೆಯಾಗುತ್ತಾ ನಿನಗೆ?"

"ನಾಚಿಕೆ ಅಲ್ಲಪ್ಪ. ನಾನು ದಿನಾ ಇಂಜೆಕ್ಷನ್ ಕೊಡ್ತೀನಿ, ಪ್ರಾರ್ಥನೆ ಮಾಡ್ಕೊಂಡೇ ಕೊಡ್ತೀನಿ. ಅದಕ್ಕೆ ಯಾರಾದ್ರೂ ಕ್ರೈಸ್ತ ಸೂಜಿ ಅಂತಾರಾ?"

"ಸೂಜಿಗೆ ಬಾಯಿಲ್ಲ. ಹಾಡಿಗೆ ಬಾಯಿದೆ."

ನನಗೆ ಆ ಮಾತು ಸರಿಯೆನಿಸಿತು. ಮರುಕ್ಷಣ ನಾದಿನಿ ಬಾಯಿ ತೆರೆದಾಗ ಅವಳ ಮಾತೂ ಸರಿಯೆನಿಸಿತು. ನನ್ನ ಬುದ್ಧಿ ಯಾವಾಗಲೂ ಹೀಗೆಯೇ, ಕೊನೆಗೆ ಮಾತಾಡಿದವರ ಕಡೆ ವಾಲುತ್ತದೆ.

"ವಾರ್ಡಿನಲ್ಲಿ ಒಬ್ಬಳಿದ್ದಳು" ಎಂದಳು ನಾದಿನಿ. "ನನ್ನ ಕತ್ತಿನ ಶಿಲುಬೆ ನೋಡಿದ ದಿನದಿಂದ ಮುಖ ಗೋಡೆ ಕಡೆ ತಿರುಗಿಸಿ ಮಲಗೋಳು. ಇವಳು ನನ್ನ ಮತ ಬದಲಾಯಿಸೋಕೆ ಬಂದಿದಾಳೆ ಅಂತ ಭಯ. ಒಂದು ದಿನ ಸುಮ್ಮನೆ ಈ ಹಾಡು ಹೇಳ್ಕೊಂಡು ಹೊದಿಕೆ ಮಡಚ್ತಿದ್ದೆ. ಅವಳೇ ಈ ಕಡೆ ತಿರುಗಿ, ಇನ್ನೊಂದ್ಸಲ ಹೇಳಮ್ಮ ಅಂದಳು. ಮೇಲೆ ಚೀಟಿ ಅಂಟಿಸಿದ್ರೆ ಅವಳು ಕೇಳ್ತಿದ್ಲಾ?"

"ಚೀಟಿ ಕಿತ್ತು ಮಾರೋ ಸರಕಿಗೆ ಏನಂತಾರೆ ಗೊತ್ತಾ? ಕಳ್ಳಸರಕು."

"ಅಪ್ಪಾ!"

"ನಮ್ಮ ಕಾಲದಲ್ಲಿ ಚರ್ಚಿಗೆ ಕಲ್ಲು ಬಿದ್ರೂ ಬೋರ್ಡ್ ಇಳಿಸಲಿಲ್ಲ ನಾವು. ಆ ಹೆಸರಿಂದ ನೆಟ್ಟಗೆ ನಿಂತ್ವಿ. ನೀನೂ ನಿಂತೆ, ಗಂಡ ಹೋದಾಗ. ಈಗ ಆ ಹೆಸರು ಭಾರವಾಯ್ತಾ? ಆ ಪದ ಹಾಕು, ಹಾಡ್ತೀನಿ. ಹಾಕಲ್ಲ ಅಂದ್ರೆ ನನ್ನ ದನಿ ಕೇಳಬೇಡ."

ಅವರ ದನಿಯ ವಿಷಯವೇ ನಮ್ಮನ್ನೆಲ್ಲ ಒಳಗೊಳಗೇ ಸುಡುತ್ತಿದ್ದದ್ದು. ಮಾವನ ಗಂಟಲಲ್ಲಿ ಗಂಟು ಬಂದಿತ್ತು. ಬರುವ ತಿಂಗಳು ಆಪರೇಷನ್ ಎಂದು ಗೊತ್ತಾಗಿತ್ತು. ಜೀವಕ್ಕೆ ತೊಂದರೆಯಿಲ್ಲ, ದನಿ ಮಾತ್ರ ಉಳಿಯುವುದಿಲ್ಲ ಎಂದು ಡಾಕ್ಟರು ಅವರ ಮುಖಕ್ಕೇ ಹೇಳಿದ್ದರು. ನಾದಿನಿ ಅದನ್ನು ಕೇಳಿಕೊಂಡು ಆಸ್ಪತ್ರೆಯಲ್ಲಿ ಕಲ್ಲಿನಂತೆ ನಿಂತಿದ್ದು, ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಪೂರ್ತಿ ತಿರುಗಿಸಿ ಅತ್ತಿದ್ದಳು. ಅಂದು ಕೆಂಪು ಬಲ್ಬು ಹತ್ತಿದ್ದರೂ ನಾವು ಯಾರೂ ನಲ್ಲಿ ನಿಲ್ಲಿಸು ಎನ್ನಲಿಲ್ಲ.

ಅಂಥ ಹೊತ್ತಿನಲ್ಲಿ ಮಾವ ಉಳಿದ ದನಿಯನ್ನೆಲ್ಲ ಜಗಳಕ್ಕೇ ಖರ್ಚು ಮಾಡಿದರು. ಬೆಳಿಗ್ಗೆ ಚಹಾದ ಜೊತೆ ಒಂದು ಕಂತು, ಮಧ್ಯಾಹ್ನ ಅನ್ನದ ಜೊತೆ ಇನ್ನೊಂದು. ನಾದಿನಿಯೂ ಅಪ್ಪನಿಗೆ ತಕ್ಕ ಮಗಳು. ಅವಳು ಡ್ಯೂಟಿಯಿಂದ ಬಂದವಳೇ ತಟ್ಟೆ ತೆಗೆದುಕೊಂಡು ಅಡುಗೆಮನೆಯಿಂದ ಮಹಡಿಗೆ ಹೋಗುವ ಮೆಟ್ಟಿಲ ಮೇಲೆ ಕೂರತೊಡಗಿದಳು. ಮಾವ ಗಲ್ಲಾದ ಹಿಂದೆ ಉಣ್ಣತೊಡಗಿದರು. ನಡುವೆ ನಾನು ಸಾರಿನ ಪಾತ್ರೆ ಹಿಡಿದು ಓಡಾಡಿದೆ.

"ಉಪ್ಪು ಕಡಿಮೆ ಅಂತ ಹೇಳು ನಿನ್ನ ನಾದಿನಿಗೆ."

"ಮಾವ, ಅಡುಗೆ ಮಾಡಿದ್ದು ನಾನು."

"ಹಾಗಾದ್ರೆ ಸರಿಯಾಗಿದೆ ಬಿಡು."

ಒಂದು ಭಾನುವಾರ ಮಾವ ರಾಜಿಗೆ ಬಂದರು. ಚೀಟಿ ಹಾಕದಿದ್ದರೆ ಬೇಡ, ಹಾಡಿನೊಳಗಾದರೂ ಹೆಸರಿರಲಿ, 'ನೀನು' ತೆಗೆದು 'ಕರ್ತನು' ಹಾಕು ಎಂದರು. ಬಟ್ಟೆ ಮಡಚುತ್ತಿದ್ದ ಅತ್ತೆ ಅದನ್ನು ಅಲ್ಲೇ ಹಾಡಿ ನೋಡಿದರು. "ಬಾಗಿಲು ತೆರೆದೆ, ಕರ್ತನು ನಿಂತಿದ್ದ... ಊಹೂಂ. ಬೂಟು ಹಾಕ್ಕೊಂಡು ಮಂಚ ಹತ್ತಿದ ಹಾಗಿದೆ ಕಣ್ರೀ."

"ಮತ್ತೆ ಈ 'ನೀನು' ಯಾರು ಅಂತ ಕೇಳೋರಿಗೆ ಹೇಗೆ ಗೊತ್ತಾಗಬೇಕು? ಗಂಡ ಅಂದ್ಕೊಂಡ್ರೆ?"

"ಗಂಡನಿಗೆ ಯಾರಾದ್ರೂ ನೀನು ಅಂತಾರಾ?" ಅತ್ತೆಗೆ ನಿಜಕ್ಕೂ ಕೋಪ ಬಂದಿತ್ತು. "ಇಷ್ಟು ವರ್ಷ ಬಾಳಿದೀನಿ, ಒಂದು ದಿನ ನಿಮಗೆ ನೀನು ಅಂದಿದೀನಾ? ಈ ಮನೇಲಿ ದೊಡ್ಡೋರಿಗೆಲ್ಲ ನೀವು, ದೇವರೊಬ್ಬನಿಗೆ ನೀನು. ಯಾರಿಗೆ ಗೊತ್ತಾಗಲ್ಲ?"

"ಮಕ್ಕಳಿಗೂ ನೀನು ಅಂತೀವಿ" ಎಂದೆ ನಾನು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಅಮ್ಮ ಹೇಳಿದ್ದು ಸರಿ" ಎಂದಳು ನಾದಿನಿ, ಮೆಟ್ಟಿಲ ಮೇಲಿಂದಲೇ. "ಆ ಒಂದು ಪದದಲ್ಲಿ ಇದೆ ಅಪ್ಪ ಎಲ್ಲಾ. ಬೇಕಾದೋರು ಕಂಡ್ಕೋತಾರೆ."

"ಬೇಕಾದೋರಿಗೆ ಮಾತ್ರ ಸಾಕಾ? ಬೇಡದೋರಿಗೆ ಯಾರು ಹೇಳ್ತಾರೆ?"

ನನ್ನ ಗಂಡ ಸೂಕ್ಷ್ಮದಲ್ಲಿ ಬಗೆಹರಿಸುವ ಮನುಷ್ಯ. ಕ್ಯಾಸೆಟ್ಟಿಗೆ ಎರಡು ಥರದ ಹೊದಿಕೆ ಮಾಡಿಸಿ ತಂದರು. ಒಂದರ ಮೇಲೆ ಶಿಲುಬೆಯ ಚಿತ್ರ, 'ಕ್ರೈಸ್ತ ಗೀತೆಗಳು' ಎಂಬ ದೊಡ್ಡ ಅಕ್ಷರ. ಇನ್ನೊಂದರ ಮೇಲೆ ತೆರೆದ ಬಾಗಿಲು, ಅಷ್ಟೇ. "ಸಭೆಯಲ್ಲಿ ಅದು, ಹೊರಗೆ ಇದು" ಎಂದು ಇಬ್ಬರ ತಟ್ಟೆಯ ಪಕ್ಕ ಒಂದೊಂದು ಇಟ್ಟರು.

"ಎರಡು ನಾಲಿಗೆ ಇಟ್ಕೊಂಡು ಬದುಕು ಅಂತ ಕಲಿಸಿದ್ನಾ ನಿನಗೆ?" ಎಂದರು ಮಾವ.

"ಅಣ್ಣಾ, ನಾನು ಒಬ್ಬಳೇ ಇರೋದು. ಒಳಗೊಂದು ಹೊರಗೊಂದು ಇಲ್ಲ" ಎಂದಳು ನಾದಿನಿ.

ಅಪ್ಪ ಮಗಳು ಆ ತಿಂಗಳಲ್ಲಿ ಒಪ್ಪಿದ್ದು ಅದೊಂದೇ ವಿಷಯಕ್ಕೆ, ನನ್ನ ಗಂಡನನ್ನು ಬೈಯುವುದಕ್ಕೆ. ಇವರು ಮುಖ ಸಣ್ಣ ಮಾಡಿಕೊಂಡು ಕಂಬಳಿಗಳ ನಡುವೆ ಹೋಗಿ ಕೂತರು. ನಾನೇ ಚಹಾ ತೆಗೆದುಕೊಂಡು ಹೋದೆ. "ಅಪ್ಪನ ದನಿ ಹೋದ ಮೇಲೆ ಈ ಮೆಷಿನ್ ಇಟ್ಕೊಂಡು ಏನು ಮಾಡ್ಲಿ?" ಎಂದರು. ನಾನು ಚಹಾದ ಲೋಟವನ್ನು ಅವರ ಕೈಗಿಟ್ಟೆ.

ಆಪರೇಷನ್ನಿನ ದಿನ ಹತ್ತಿರವಾಗುತ್ತಿತ್ತು. ಮಾವನ ದನಿ ಮಧ್ಯೆ ಮಧ್ಯೆ ಹರಿದ ಬಟ್ಟೆಯಂತೆ ಬಿಟ್ಟುಕೊಳ್ಳತೊಡಗಿತು. ಸಭೆಯಲ್ಲಿ ಹಾಡು ಎತ್ತಿಕೊಟ್ಟು ಎರಡನೆಯ ಸಾಲಿಗೆ ನಿಲ್ಲಿಸಿಬಿಟ್ಟರಂತೆ. ಅತ್ತೆ ಅದನ್ನು ನನಗೆ ಪಾತ್ರೆ ಒರೆಸುತ್ತಾ ಹೇಳಿದರು, ಹೇಳಿ ಮುಗಿಸಲಾಗದೆ ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸಿದರು.

ಆ ವಾರದಲ್ಲೇ ಒಂದು ಬೆಳಿಗ್ಗೆ ನಾನು ಮಾವನಿಗೆ ಚಹಾ ಕೊಡಲು ಅಂಗಡಿಗೆ ಬಂದೆ. ನನ್ನ ಗಂಡ ಪರೀಕ್ಷೆಗೆಂದು ನಾದಿನಿಯ ಟೇಪು ಹಚ್ಚಿ ಒಳಗೆ ಹೋಗಿದ್ದರು. ಹೊರಗೆ ಮೆಟ್ಟಿಲ ಬಳಿ ಒಬ್ಬ ಹೆಂಗಸು ನಿಂತಿದ್ದಳು. ಹಿಂದಿನ ಬೀದಿಯಲ್ಲಿ ಹಳೆ ಬಟ್ಟೆ ಬಿಗಿ ಮಾಡಿ ಸಡಿಲ ಮಾಡಿ ಹೊಲಿದುಕೊಡುವವಳು. ನಮ್ಮ ಸಭೆಯವಳಲ್ಲ. ಕೈಯಲ್ಲಿ ಹೊಲಿಗೆಗೆ ಬಂದ ಯಾರದೋ ಪ್ಯಾಂಟು, ಕುತ್ತಿಗೆಯಲ್ಲಿ ಅಳತೆಯ ಟೇಪು. ಹಾಡು ಮುಗಿಯುವ ತನಕ ಅಲ್ಲಾಡದೆ ನಿಂತಿದ್ದು ಒಳಗೆ ಬಂದಳು.

"ಇದು ಸಿಗುತ್ತಾ ಯಜಮಾನ್ರೇ?"

ಇನ್ನೂ ಮಾರಾಟಕ್ಕೆ ಬಂದಿರಲಿಲ್ಲ. ಗಲ್ಲಾದ ಮೇಲೆ ಒಂದು ಪ್ರತಿ ಬಿದ್ದಿತ್ತು. ಅವಳು ಅದನ್ನು ಕೈಗೆತ್ತಿಕೊಂಡಳು. ಸೆರಗಿನಿಂದ ಒರೆಸಿದಳು.

"ನನ್ನ ಮಗ ಜಗಳ ಮಾಡ್ಕೊಂಡು ಹೋಗಿ ವರ್ಷಗಳಾದ್ವು. ಎಲ್ಲಿದಾನೋ. ಬಂದ್ರೆ ಏನೂ ಕೇಳಬಾರದು ಅಂತ ದಿನಾ ಅಂದ್ಕೋತೀನಿ. ಈ ಹಾಡಿನಲ್ಲಿ ಹಾಗೇ ಇದೆ ನೋಡಿ. ಯಾರೋ ನನ್ನ ಮಗನ ಮೇಲೇ ಕಟ್ಟಿದಾರೆ."

ಮಾವ ಬೇಕೆಂದು ಹೇಳಿದ್ದಲ್ಲ. ಜೀವಮಾನದ ಅಭ್ಯಾಸ. ತಪ್ಪಿದ್ದನ್ನು ತಿದ್ದುವ ದನಿಯಲ್ಲಿ ಹೇಳಿಬಿಟ್ಟರು. "ಇಲ್ಲಮ್ಮ, ಇದು ಕ್ರೈಸ್ತ ಗೀತೆ. ದೇವರ ಹಾಡು."

"ಹೌದಾ?" ಎಂದಳು ಅವಳು. ಕ್ಯಾಸೆಟ್ಟನ್ನು ಇದ್ದ ಜಾಗದಲ್ಲೇ, ಇದ್ದ ಹಾಗೇ ಮೆಲ್ಲಗೆ ಇಟ್ಟಳು. "ನನಗೆ ತಿಳೀಲಿಲ್ಲ. ಮುಟ್ಟಿಬಿಟ್ಟೆ. ತಪ್ಪು ತಿಳ್ಕೋಬೇಡಿ." ಪ್ಯಾಂಟನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದು ಹೋದಳು.

ಮಾವ ಚಹಾ ಕುಡಿಯಲಿಲ್ಲ. ಲೋಟದ ಮೇಲೆ ಕೆನೆ ಕಟ್ಟಿತು. ಮಧ್ಯಾಹ್ನ ಅವರು ಅನ್ನ ಬೇಡವೆಂದರು. ಸಂಜೆಯ ಹೊತ್ತಿಗೆ ಚಪ್ಪಲಿ ಮೆಟ್ಟಿ, ಆ ಕ್ಯಾಸೆಟ್ಟನ್ನು ಜೇಬಿಗೆ ಹಾಕಿಕೊಂಡು ಹಿಂದಿನ ಬೀದಿಯ ಕಡೆ ಹೊರಟರು.

ತಿರುಗಿ ಬಂದಾಗ ನಾದಿನಿ ಡ್ಯೂಟಿಯಿಂದ ಬಂದು ಮೆಟ್ಟಿಲ ಮೇಲೆ ತಟ್ಟೆ ಹಿಡಿದು ಕೂತಿದ್ದಳು. ಮಾವ ನೇರ ಅಡುಗೆಮನೆಗೆ ಬಂದು ಅವಳ ಮೇಲಿನ ಮೆಟ್ಟಿಲಲ್ಲಿ ಕೂತರು. ಅವರು ಅಲ್ಲಿ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಆ ಹೊಲಿಗೆಯಮ್ಮನಿಗೆ ಕೊಟ್ಟು ಬಂದೆ" ಎಂದರು.

"ಏನನ್ನ?"

"ನಿನ್ನ ಕ್ಯಾಸೆಟ್ಟು. ಬೆಳಿಗ್ಗೆ ನಾನೇ ಓಡಿಸಿಬಿಟ್ಟಿದ್ದೆ ಅವಳನ್ನ. ಕ್ರೈಸ್ತ ಗೀತೆ ಅಂದೆ, ಕೈ ಸುಟ್ಟೋರ ಹಾಗೆ ಇಟ್ಟು ಹೋದಳು." ಸ್ವಲ್ಪ ಹೊತ್ತು ಕೆಮ್ಮಿದರು. "ಈಗ ಹೋಗಿ, ನಿನ್ನ ಮಗನ ಹಾಡೇ ಕಣಮ್ಮ, ಇಟ್ಕೋ ಅಂದೆ. ಸುಳ್ಳು ಹೇಳಿದ್ನೇನೇ ನಾನು?"

"ಇಲ್ಲಪ್ಪ" ಎಂದಳು ನಾದಿನಿ. ಅವಳ ಬಾಯಲ್ಲಿ ರೊಟ್ಟಿಯ ತುತ್ತು ಹಾಗೇ ಇತ್ತು.

"ಸೋತೆ ಅಂದ್ಕೋಬೇಡ. ಹೆಸರು ಇರಬೇಕು ಅಂತಲೇ ನಾನು ಈಗಲೂ ಹೇಳೋದು. ಆದ್ರೆ ಬಂದೋರನ್ನ ಬಾಗಿಲಲ್ಲೇ ತಿರುಗಿಸಿ ಕಳಿಸೋ ಬೋರ್ಡು ನನಗೆ ಬೇಡ." ಆಮೇಲೆ ನನ್ನ ಕಡೆ ತಿರುಗಿದರು. "ಊಟ ಹಾಕು. ನಾಳೆ ಬೆಳಿಗ್ಗೆ ಹಾಡ್ತೀನಿ. ಕುಕ್ಕರ್ ಇಡಬೇಡ."

ಕುಕ್ಕರ್ ಹಾಳಾಗಿ ಹೋಗಲಿ, ಮರುದಿನ ನಾನು ಒಲೆಯನ್ನೇ ಹಚ್ಚಲಿಲ್ಲ. ಬೆಳಿಗ್ಗೆ ಎಲ್ಲರಿಗೂ ಹಿಂದಿನ ದಿನದ ಬ್ರೆಡ್ಡು. ಅತ್ತೆ ಮಾವನ ಕುತ್ತಿಗೆಗೆ ಉಣ್ಣೆಯ ಬಟ್ಟೆ ಸುತ್ತಿ ಕೂರಿಸಿದರು. ನಾವು ಗಾಜಿನ ಈಚೆ ನಿಂತೆವು. ಕೆಂಪು ಬಲ್ಬು ಹತ್ತಿತು.

ಮಾವ ಈ ಹಾಡನ್ನು ನೂರು ಸಲ ಕೇಳಿದ್ದರು, ಹಾಡಿರಲಿಲ್ಲ. ಕೇಳುವಾಗೆಲ್ಲ ಅವರ ಗಮನ ಅದರಲ್ಲಿ ಇಲ್ಲದ ಹೆಸರಿನ ಮೇಲೆ. ಇರುವ ಮಾತುಗಳು ಅವರ ಬಾಯಿಗೆ ಬಂದದ್ದು ಅಂದೇ. "ಬಾಗಿಲು ತೆರೆದೆ, ನೀನು ನಿಂತಿದ್ದೆ" ಎಂದು ಎತ್ತಿಕೊಂಡರು. ದನಿ ಒರಟಾಗಿತ್ತು, ಆದರೂ ಶ್ರುತಿ ಬಿಡಲಿಲ್ಲ. "ಕೈಯಲ್ಲಿ ಏನಿಲ್ಲ" ಎಂದರು. "ಒಳಗೆ ಬಾ ಎಂದೆ" ಎಂದರು. "ಒಲೆ ಇನ್ನೂ..." ಎಂದವರು ಅಲ್ಲೇ ನಿಂತುಬಿಟ್ಟರು. ಗಂಟಲು ಕೈಕೊಟ್ಟಿತೆಂದು ನಾನು ತಿಳಿದೆ. ಅವರು ಗಾಜಿನಾಚೆಯಿಂದ ಮಗಳನ್ನೇ ನೋಡುತ್ತಿದ್ದರು.

ಆಗ ನನಗೂ ಹೊಳೆಯಿತು. ಅವಳು ಗಂಡನ ಮನೆಯಿಂದ ಬಂದ ಬೆಳಿಗ್ಗೆ ಬಾಗಿಲು ತೆರೆದವರು ಮಾವ, ನಾನು ಅವರ ಬೆನ್ನ ಹಿಂದೆಯೇ ಇದ್ದೆ. ಅವಳ ಕೈಯಲ್ಲಿ ಒಂದು ಚೀಲವೂ ಇರಲಿಲ್ಲ, ಬಸ್ಸಿನ ದೂಳೆಲ್ಲ ಕಾಲಿಗಿತ್ತು. ಏಕೆ ಬಂದೆ, ಅವರೇನಂದರು ಎಂದು ಮಾವ ಕೇಳಲಿಲ್ಲ. ಒಳಗೆ ಬಾ ಎಂದರು. ಅವಳು ಅಲ್ಲಾಡದಿದ್ದಾಗ ಇನ್ನೊಮ್ಮೆ ಒಳಗೆ ಬಾ ಎಂದರು. ಆಮೇಲೆ ಏನು ಹೇಳಬೇಕೋ ತೋಚದೆ, "ಒಲೆ ಇನ್ನೂ ಆರಿಲ್ಲ, ಚಹಾ ಮಾಡ್ತಾಳೆ" ಎಂದು ನನ್ನ ಕಡೆ ತೋರಿಸಿದರು. ಅಷ್ಟು ದಿನ ಆಲೂಗಡ್ಡೆ ಸುಲಿಯುತ್ತಾ ಆ ಹಾಡು ಕೇಳಿದ ನನಗೇ ನೆನಪಾಗಿರಲಿಲ್ಲ. ದೇವರ ಬಗ್ಗೆ ಹೇಳಬೇಕಾದ್ದನ್ನು ಅವಳು ಅಪ್ಪನ ಬಾಯಿಂದಲೇ ಕಲಿತಿದ್ದಳು.

ನಾದಿನಿ ಗಾಜಿಗೆ ಹಣೆ ಇಟ್ಟುಕೊಂಡು ಬಿಕ್ಕಿದಳು. ಮಾವ ಒಳಗಿಂದ ಗದರಿದರು, ಎಂದಿನ ಹಾಗೆಯೇ. "ಅಳಬೇಡ್ವೇ ಹುಚ್ಚಿ, ಟೇಪು ಓಡ್ತಾ ಇದೆ." ಕೆಮ್ಮಿ, ಉಗುಳು ನುಂಗಿ, ಬಿಟ್ಟ ಸಾಲನ್ನು ಬಿಟ್ಟ ಕಡೆಯಿಂದಲೇ ಎತ್ತಿಕೊಂಡು ಮುಗಿಸಿದರು.

ನನ್ನ ಗಂಡ ಆ ಗದರಿಕೆ ಕತ್ತರಿಸಿ ತೆಗೆಯುತ್ತೇನೆ ಎಂದರು. ಕೈ ಮುರೀತೀನಿ ಎಂದಳು ನಾದಿನಿ.

ತೆರೆದ ಬಾಗಿಲಿನ ಹೊದಿಕೆಯಲ್ಲಿ ಕ್ಯಾಸೆಟ್ಟು ಹೊರಬಂದಾಗ ಮಾವ ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಕುತ್ತಿಗೆಗೆ ಬಿಳಿ ಬಟ್ಟೆ, ಮಾತಿಗೆ ಬದಲು ಒಂದು ಸ್ಲೇಟು. ಅದರ ಮೇಲೆ ಅವರು ನನ್ನ ಅಡುಗೆಗೆ ಉಪ್ಪು ಕಡಿಮೆ ಎಂದು ಬರೆದು ತೋರಿಸುತ್ತಿದ್ದರು, ನನ್ನ ಗಂಡನಿಗೆ ಬೈಗುಳ ಬರೆಯುತ್ತಿದ್ದರು. ದೇಹ ಚೇತರಿಸಿದ ಮೇಲೆ ಗಲ್ಲಾದ ಹಿಂದೆ ಹಳೆಯ ಜಾಗದಲ್ಲೇ ಕೂತರು. ಇತರೆ ಖಾನೆಯ ಮುಂದೆ ನಿಂತು ಆ ಕ್ಯಾಸೆಟ್ಟು ಹಿಡಿದು ಜನ ಕೇಳುತ್ತಿದ್ದರು. "ಇದು ಯಾವ ಥರದ್ದು ತಾತ? ದೇವರ ಹಾಡಾ, ಬೇರೆಯದಾ?"

ಸ್ಲೇಟು ಕೈಗೆಟುಕುವಲ್ಲೇ ಇರುತ್ತಿತ್ತು. ಮಾವ ಅದನ್ನು ಮುಟ್ಟುತ್ತಿರಲಿಲ್ಲ. ಕೇಳಿದವರಿಗೆ ಎದುರಿನ ಸ್ಟೂಲು ತೋರಿಸಿ, ಟೇಪು ಹಾಕಿ, ಗುಂಡಿ ಒತ್ತುತ್ತಿದ್ದರು.